ದೂರದ ಸ್ಕಾಲರ್‌ಶಿಪ್ಪೋ, ಊರಿನ ಕಾಲೇಜೋ: ಕಾಸರಗೋಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಸ್ ಟು ಫಲಿತಾಂಶ ಬಂದ ವಾರದಿಂದ ಅಲಾಟ್‌ಮೆಂಟ್ ಮುಗಿಯುವವರೆಗೆ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕನ್ನಡದ ಮಕ್ಕಳೂ ತಂದೆತಾಯಿಯರೂ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇವೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲು ತಿಳಿಯಬೇಕಾದ್ದು

ಸ್ಕಾಲರ್‌ಶಿಪ್ ಸಿಕ್ಕಿದೆ ಅಂದ ಮೇಲೆ ದೂರದ ಕಾಲೇಜೇ ಲಾಭ ಅಲ್ವಾ?

ಆ ಮಾತಿನಿಂದಲೇ ಲಾಭ ಅಂತ ಹೇಳಲಿಕ್ಕಾಗದು. ಪೂರ್ತಿ ಫೀಸು ಮನ್ನಾ ಆದರೂ ಹಾಸ್ಟೆಲ್, ಮೆಸ್, ಓಡಾಟದ ಖರ್ಚು ನಿಮ್ಮ ತಲೆಯ ಮೇಲೆಯೇ ಇರಬಹುದು. ನಾವು ಮೊದಲು ಕೇಳುವುದು ಒಂದೇ: ಒಂದು ವರ್ಷ ಸ್ಕಾಲರ್‌ಶಿಪ್ ಬಾರದೇ ಹೋದರೆ, ಅಥವಾ ಎಂಟು ತಿಂಗಳು ತಡವಾದರೆ, ಯಾವ ಕಾಲೇಜಿನಲ್ಲಿ ಓದು ನಿಲ್ಲದೆ ಮುಂದುವರಿಯುತ್ತದೆ? ದೂರದ್ದರಲ್ಲೂ ಮುಂದುವರಿಯುತ್ತದೆ ಎಂದಾದರೆ ಧೈರ್ಯವಾಗಿ ಹೋಗಿ. ಎರಡನೇ ವರ್ಷದ ಫೀಸಿಗೆ ಚಿನ್ನ ಅಡವಿಡುವ ಪರಿಸ್ಥಿತಿ ಬರುವುದಾದರೆ, ಸೀಟು ಒಪ್ಪಿಕೊಳ್ಳುವ ಮೊದಲೇ ಅದನ್ನು ಮನೆಯಲ್ಲಿ ಕೂತು ಮಾತಾಡಿ.

ಹತ್ತಿರ ಅಂದ್ರೆ ಯಾವುದು? ನಮಗೆ ಕಾಸರಗೋಡೂ ಹತ್ತಿರ, ಮಂಗಳೂರೂ ಹತ್ತಿರ.

ನಮ್ಮ ಜಿಲ್ಲೆಯಲ್ಲಿ ರಾಜ್ಯದ ಗಡಿ ನೋಡಿ ಹತ್ತಿರ ದೂರ ಹೇಳುವ ಹಾಗಿಲ್ಲ. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರೇ ಹತ್ತಿರ. ಪೆರ್ಲ, ಬದಿಯಡ್ಕದವರಿಗೆ ಪುತ್ತೂರು ಕೈಗೆಟಕುತ್ತದೆ, ಆದೂರಿನ ಕಡೆಯವರಿಗೆ ಸುಳ್ಯ. ಕಾಸರಗೋಡಿನ ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜು, ಕಾಞಂಗಾಡಿನ ನೆಹರೂ ಕಾಲೇಜು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ರಾಜ್ಯದ ಗಡಿಯಾದ ತಲಪಾಡಿ ದಾಟಿದರೆ ವಿಶ್ವವಿದ್ಯಾಲಯವೂ ಬೇರೆ, ಸ್ಕಾಲರ್‌ಶಿಪ್ಪಿನ ನಿಯಮವೂ ಬೇರೆ.

ಕಿಲೋಮೀಟರ್ ಬಿಟ್ಟು ಗಂಟೆಯಲ್ಲಿ ಅಳೆಯಿರಿ: ಮನೆಯ ಅಂಗಳದಿಂದ ತರಗತಿಯ ಬಾಗಿಲಿನವರೆಗೆ, ಜುಲೈ ತಿಂಗಳ ಮಳೆಯಲ್ಲಿ. ಹೋಗಲು ಎರಡು, ಬರಲು ಎರಡು ಗಂಟೆ ಆದರೆ 180 ಕೆಲಸದ ದಿನಕ್ಕೆ 720 ಗಂಟೆ ಬಸ್ಸಿನಲ್ಲೇ ಹೋಗುತ್ತದೆ. ಒಂದು ಬದಿಗೆ ಒಂದೂವರೆ ಗಂಟೆ ಮೀರುವ ಕಾಲೇಜನ್ನು ಹತ್ತಿರದ್ದು ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಲ್ಯಾಬ್ ಇರುವ ವಿಷಯವಾದರಂತೂ ಸಂಜೆಯ ಬಸ್ಸು ತಪ್ಪುವ ದಿನಗಳು ಬಹಳ.

ಕಾಲೇಜಿನವರ ಪತ್ರದಲ್ಲಿ "ಸ್ಕಾಲರ್‌ಶಿಪ್ ಮಂಜೂರಾಗಿದೆ" ಅಂತ ಮಾತ್ರ ಉಂಟು. ಇನ್ನೇನು ನೋಡ್ಬೇಕು?

ಐದು ಸಂಗತಿ ಬರಹದಲ್ಲಿ ಸಿಗುವವರೆಗೆ ಹಣ ಕಟ್ಟಬೇಡಿ. ಮೊದಲನೆಯದು, ಕೊಡುವವರು ಯಾರು: ಕಾಲೇಜೇ, ಸರ್ಕಾರವೇ, ಟ್ರಸ್ಟೇ? ಎರಡನೆಯದು, ಫೀಸಿನಲ್ಲಿ ಮೊದಲೇ ಕಳೆಯುತ್ತಾರೋ, ನೀವು ಪೂರ್ತಿ ಕಟ್ಟಿದ ಮೇಲೆ ಹಿಂದಿರುಗಿಸುತ್ತಾರೋ. ಕೂಲಿ ಕೆಲಸದ ಮನೆಗೆ ಈ ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಮೂರನೆಯದು, ಎಷ್ಟು ವರ್ಷಕ್ಕೆ. "ಮೊದಲ ವರ್ಷಕ್ಕೆ" ಎಂಬ ಎರಡು ಪದ ಪತ್ರದ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಇರುವುದುಂಟು. ನಾಲ್ಕನೆಯದು, ಮುಂದುವರಿಯಲು ಬೇಕಾದ ಅಂಕ ಮತ್ತು ಹಾಜರಿ. ಐದನೆಯದು, "ಫೀಸು" ಅಂದರೆ ಯಾವ ಫೀಸು. ಬೋಧನಾ ಶುಲ್ಕ ಮನ್ನಾ ಎಂದಿದ್ದರೆ ಪರೀಕ್ಷೆ, ಲ್ಯಾಬ್, ಸಮವಸ್ತ್ರ, ಅಭಿವೃದ್ಧಿ ಶುಲ್ಕ ಅದರೊಳಗೆ ಬರುವುದಿಲ್ಲ.

ಫೋನಿನಲ್ಲಿ "ಎಲ್ಲಾ ಫ್ರೀ, ನೀವು ಬನ್ನಿ" ಎನ್ನುವವರು ಎಷ್ಟೋ ಸಲ ಕಮಿಷನ್ ಏಜೆಂಟರು. ಅವರ ಮಾತಿಗೆ ಕಾಲೇಜು ಹೊಣೆಯಲ್ಲ. ಕಾಲೇಜಿನ ಮೇಲ್ ವಿಳಾಸಕ್ಕೆ ಈ ಐದು ಪ್ರಶ್ನೆ ಕಳಿಸಿ, ಬಂದ ಉತ್ತರ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ಮಗಳನ್ನು ಅಷ್ಟು ದೂರ ಕಳಿಸುದು ಬೇಡ ಅಂತ ಅಜ್ಜಿ, ಮಾವ ಎಲ್ಲಾ ಹೇಳ್ತಾರೆ. ಏನು ಮಾಡುದು?

ಹೆಣ್ಣು ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಸೀಟು ಬಿಡಿಸುವುದು ಅನ್ಯಾಯ. ಹಿರಿಯರ ಆತಂಕಕ್ಕೆ ವಾದಕ್ಕಿಂತ ಮಾಹಿತಿ ಹೆಚ್ಚು ಕೆಲಸ ಮಾಡುತ್ತದೆ. ಹಾಸ್ಟೆಲ್ ಕ್ಯಾಂಪಸ್ಸಿನ ಒಳಗೋ ಹೊರಗೋ, ವಾರ್ಡನ್ ರಾತ್ರಿ ಅಲ್ಲೇ ಇರುತ್ತಾರೋ, ರೈಲು ನಿಲ್ದಾಣದಿಂದ ಬೆಳಗಿನ ಜಾವ ಹಾಸ್ಟೆಲಿಗೆ ಹೋಗುವುದು ಹೇಗೆ ಎಂದು ಕೇಳಿ ತಿಳಿಯಿರಿ. ಸೇರುವ ಮೊದಲು ತಾಯಿಯೂ ಒಮ್ಮೆ ಹೋಗಿ ಹಾಸ್ಟೆಲ್ ನೋಡಿ ಬರಲಿ, ತಂದೆ ಮಾತ್ರ ಹೋದರೆ ಒಳಗೆ ಬಿಡುವುದಿಲ್ಲ. ರ್‍ಯಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ 1800-180-5522 ದಿನದ 24 ಗಂಟೆಯೂ ಇದೆ. ಮಗಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಈ ನಂಬರ್ ಇರಲಿ.

## ಹಣದ ಲೆಕ್ಕ

ಎರಡೂ ಕಡೆಯ ಖರ್ಚು ಹೇಗೆ ಹೋಲಿಸಿ ನೋಡುದು?

ಒಂದು ಹಾಳೆಯ ನಡುವೆ ಗೆರೆ ಎಳೆದು ಎರಡೂ ಕಾಲೇಜಿನ ಒಂದು ವರ್ಷದ ಖರ್ಚು ಬರೆಯಿರಿ. ದಾರಿ ತೋರಿಸಲು ಮಾತ್ರ ಒಂದು ಉದಾಹರಣೆ ಕೊಡುತ್ತೇವೆ, ಅಂಕಿಗಳ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

ದೂರದ ಕಾಲೇಜು: ಬೋಧನಾ ಶುಲ್ಕ 60,000 ರೂಪಾಯಿ ಪೂರ್ತಿ ಮನ್ನಾ. ಪರೀಕ್ಷೆ ಮತ್ತು ಇತರ ಶುಲ್ಕ 8,000. ಹಾಸ್ಟೆಲ್, ಮೆಸ್ ಸೇರಿ ತಿಂಗಳಿಗೆ 6,000ದಂತೆ ಹತ್ತು ತಿಂಗಳಿಗೆ 60,000. ಊರಿಗೆ ಐದು ಸಲ ಬಂದು ಹೋಗಲು 6,000. ಠೇವಣಿ, ಹಾಸಿಗೆ, ಬಕೆಟ್, ಕೊಡೆ ಮುಂತಾದ ಮೊದಲ ವರ್ಷದ ಖರ್ಚು 10,000. ಒಟ್ಟು 84,000.

ಹತ್ತಿರದ ಕಾಲೇಜು: ಫೀಸು 5,000. ಬಸ್ಸಿಗೆ ಹತ್ತು ತಿಂಗಳಲ್ಲಿ 6,000. ಮಧ್ಯಾಹ್ನದ ಊಟ, ಚಹಾ ದಿನಕ್ಕೆ 40ರಂತೆ 180 ದಿನಕ್ಕೆ 7,200. ಪುಸ್ತಕ, ಜೆರಾಕ್ಸ್ 3,000. ಒಟ್ಟು 21,200.

ವ್ಯತ್ಯಾಸ 62,800. ಮನೆಯಲ್ಲಿ ಉಂಡರೂ ಅಕ್ಕಿ, ಮೀನು, ಗ್ಯಾಸಿಗೆ ದುಡ್ಡು ಬೇಕಲ್ಲ? ಅದನ್ನು ತಿಂಗಳಿಗೆ 1,500 ಎಂದು ಹಿಡಿದು 15,000 ಕಳೆದರೆ ಉಳಿಯುವುದು 47,800. ಅಂದರೆ "ಪೂರ್ತಿ ಫೀಸು ಮನ್ನಾ" ಆದ ಸೀಟಿಗೂ ಈ ಮನೆಯಿಂದ ವರ್ಷಕ್ಕೆ 47,800 ರೂಪಾಯಿ ಹೆಚ್ಚು ಹೊರಡುತ್ತದೆ. ಆ ಕಾಲೇಜಿನ ಅಧ್ಯಾಪಕರು, ಲ್ಯಾಬು, ಮುಂದೆ ಸಿಗುವ ಕೆಲಸ ಅಷ್ಟು ಬೆಲೆಬಾಳುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಎಷ್ಟೋ ಸಲ ಖಂಡಿತ ಬಾಳುತ್ತದೆ. ಆದರೆ ಅಂಕಿ ಕಣ್ಣ ಮುಂದೆ ಇಟ್ಟುಕೊಂಡೇ ಆ ಮಾತು ಆಡಿ.

ರೈಲಿನಲ್ಲಿ ದಿನಾ ಮಂಗಳೂರಿಗೆ ಹೋದರೆ ಖರ್ಚು ಉಳೀತದಾ?

ಬಹಳ ಉಳಿಯುತ್ತದೆ. 150 ಕಿಲೋಮೀಟರ್ ಒಳಗಿನ ದೂರಕ್ಕೆ ರೈಲ್ವೆ ತಿಂಗಳ ಸೀಸನ್ ಟಿಕೆಟ್ ಕೊಡುತ್ತದೆ, ಕಾಸರಗೋಡಿನಿಂದ ಮಂಗಳೂರು ಅದರ ಒಳಗೇ ಬರುತ್ತದೆ. ಪದವಿ ಓದುವ ಹುಡುಗಿಯರಿಗೆ ಎರಡನೇ ದರ್ಜೆಯ ಸೀಸನ್ ಉಚಿತ. ಹುಡುಗರಿಗೆ ಉಚಿತ 12ನೇ ತರಗತಿಯವರೆಗೆ ಮಾತ್ರ, ಆಮೇಲೆ ಅರ್ಧ ದರ. ಪ್ರಿನ್ಸಿಪಾಲರ ಸಹಿ, ಮೊಹರು ಇರುವ ಕನ್ಸೆಶನ್ ಫಾರಂ ಒಯ್ದು ಕೌಂಟರಿನಲ್ಲೇ ಮಾಡಿಸಬೇಕು. ಫಾರಂನಲ್ಲಿ ಮನೆಯ ಹತ್ತಿರದ ನಿಲ್ದಾಣದ ಹೆಸರು ಸರಿಯಾಗಿ ಬರೆಸಿ, ಉಪ್ಪಳದವರು ಕಾಸರಗೋಡು ಅಂತ ಬರೆದರೆ ತೊಂದರೆ. ಸಣ್ಣ ನಿಲ್ದಾಣಗಳಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ. ಬೆಳಿಗ್ಗೆ ಹೋಗುವ ರೈಲಿಗಿಂತ ಸಂಜೆ ವಾಪಸು ಬರುವ ರೈಲು ಯಾವುದೆಂದು ಮೊದಲು ನೋಡಿ.

ಸರ್ಕಾರದ ಸ್ಕಾಲರ್‌ಶಿಪ್ ಹಣ ಕೈಗೆ ಯಾವಾಗ ಬರ್ತದೆ? ಕಾಲೇಜು ಶುರುವಾಗುವಾಗಲೇ?

ಇಲ್ಲ. ಕಾಲೇಜು ಮಳೆಗಾಲದಲ್ಲಿ ಶುರು, ಹಣ ಬರುವುದು ಅರ್ಜಿ, ಕಾಲೇಜಿನ ಪರಿಶೀಲನೆ, ಮೇಲಿನ ಹಂತದ ಪರಿಶೀಲನೆ ಎಲ್ಲ ಮುಗಿದ ಮೇಲೆ. ಶೈಕ್ಷಣಿಕ ವರ್ಷದ ಕೊನೆಗೆ ಬರುವುದೇ ಹೆಚ್ಚು. ಕನಿಷ್ಠ ಎಂಟು ತಿಂಗಳ ಖರ್ಚಿಗೆ ಬೇರೆ ದಾರಿ ಇರಬೇಕು.

ಹಣ ತಡೆಯುವ ಕಾರಣಗಳು ಹೆಚ್ಚಾಗಿ ಸಣ್ಣವು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಬ್ಯಾಂಕ್ ಖಾತೆ. ಪಾಸ್‌ಬುಕ್ಕಿಗೆ ಆಧಾರ್ ಜೋಡಿಸಿದ್ದೇವೆ ಎಂದು ನೆಮ್ಮದಿಯಿಂದ ಕೂತರೆ ಸಾಲದು. ಆಧಾರ್ ಮೂಲಕ ಹಣ ಜಮೆಯಾಗುವಂತೆ ಖಾತೆಯನ್ನು ಸೀಡ್ ಮಾಡಿಸಬೇಕು. ಒಬ್ಬರ ಆಧಾರಿಗೆ ಒಂದು ಸಮಯಕ್ಕೆ ಒಂದೇ ಬ್ಯಾಂಕ್ ಸೀಡ್ ಆಗಿರುತ್ತದೆ. ಹಾಸ್ಟೆಲ್ ಇರುವ ಊರಿನಲ್ಲಿ ಹೊಸ ಖಾತೆ ತೆರೆದು ಅದನ್ನು ಸೀಡ್ ಮಾಡಿಸಿದರೆ ಹಣ ಅತ್ತ ತಿರುಗುತ್ತದೆ. ಮಗು ಊರಿನ ಹಳೆ ಪಾಸ್‌ಬುಕ್ಕನ್ನೇ ನೋಡುತ್ತಾ ಕಾಯುತ್ತದೆ.

ಎರಡನೆಯದು ಹೆಸರು. ಎಸ್ಎಸ್ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರಿನಲ್ಲಿ ಮನೆ ಹೆಸರು ಬಿಡಿಸಿ ಮುಂದೆ, ಬ್ಯಾಂಕಿನಲ್ಲಿ ಎರಡೂ ಇಲ್ಲ. ಕನ್ನಡದ ಹೆಸರು ಮಲಯಾಳಕ್ಕೂ ಅಲ್ಲಿಂದ ಇಂಗ್ಲಿಷಿಗೂ ಹೋಗುವಾಗ ಒಂದು ಅಕ್ಷರ ಬದಲಾಗಿರುತ್ತದೆ. ಎಸ್ಎಸ್ಎಲ್‌ಸಿಯಲ್ಲಿ ಇದ್ದಂತೆ ಆಧಾರನ್ನೂ ಬ್ಯಾಂಕನ್ನೂ ಸರಿಮಾಡಿಸುವ ಕೆಲಸ ಏಪ್ರಿಲ್, ಮೇಯಲ್ಲೇ ಮುಗಿಸಿ. ಮೂರನೆಯದು, ಅರ್ಜಿ ಹಾಕಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ, ಅಂದರೆ ಸ್ಕಾಲರ್‌ಶಿಪ್ ಕೆಲಸ ನೋಡಿಕೊಳ್ಳುವವರು, ಅದನ್ನು ಗಡುವಿನೊಳಗೆ ಪರಿಶೀಲಿಸದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅರ್ಜಿಯ ಪ್ರಿಂಟ್ ಹಿಡಿದು ಆಫೀಸಿಗೆ ಹೋಗಿ, ಪರಿಶೀಲನೆ ಆಯಿತು ಎಂದು ಅರ್ಜಿ ಹಾಕಿದ ಪೋರ್ಟಲಿನಲ್ಲಿ ಕಾಣುವವರೆಗೆ ಬಿಡಬೇಡಿ.

ಊರಿನ ಕಾಲೇಜಿಗೆ ಸೇರಿದರೆ ಸ್ಕಾಲರ್‌ಶಿಪ್ ತಪ್ಪಿಹೋಗ್ತದಾ?

ದೂರದ ಕಾಲೇಜೇ ಕೊಡುವ ಸ್ಕಾಲರ್‌ಶಿಪ್ ತಪ್ಪುತ್ತದೆ. ಉಳಿದ ಎಷ್ಟೋ ನಿಮ್ಮ ಜೊತೆಗೇ ಬರುತ್ತವೆ. ಮುಖ್ಯವಾದದ್ದು ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್: ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಕುಟುಂಬದ ಆದಾಯ 4.5 ಲಕ್ಷದ ಒಳಗಿರಬೇಕು, ಪ್ಲಸ್ ಟುವಿನಲ್ಲಿ ತನ್ನ ವಿಭಾಗದಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದನ್ನು 80 ಶೇಕಡಾ ಅಂಕ ಎಂದು ತಪ್ಪು ತಿಳಿದು ಅರ್ಜಿ ಹಾಕದೆ ಬಿಡುವವರೂ ಸುಮ್ಮನೆ ಹಾಕುವವರೂ ಇದ್ದಾರೆ. ಅದರ ಅರ್ಥ, ಬೋರ್ಡಿನಲ್ಲಿ ಆ ವಿಭಾಗದಲ್ಲಿ ಪಾಸಾದ ನೂರರಲ್ಲಿ ಮೇಲಿನ ಇಪ್ಪತ್ತರೊಳಗೆ ಇರಬೇಕು ಎಂದು.

ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ಕೇರಳದಲ್ಲಿ ಇ-ಗ್ರಾಂಟ್ಸ್ ಎಂಬ ರಾಜ್ಯ ಸರ್ಕಾರದ ನೆರವು ಇದೆ. ಅರ್ಜಿಯನ್ನು ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲೂ ಹಾಕಬಹುದು. ಸರ್ಕಾರಿ ಕಾಲೇಜಿನ ಕಡಿಮೆ ಫೀಸಿನ ಮೇಲೆ 12,000 ಸೇರಿದರೆ, ದೂರದ 30,000ದ ಸ್ಕಾಲರ್‌ಶಿಪ್ಪಿಗಿಂತ ಮನೆಗೆ ಹಗುರ ಆಗುವುದೇ ಹೆಚ್ಚು.

ಎರಡು ಸ್ಕಾಲರ್‌ಶಿಪ್ ಒಟ್ಟಿಗೆ ತಗೊಳ್ಳಬಹುದಾ?

ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಪಡೆಯುವವರು ಇನ್ನೊಂದು ಸ್ಕಾಲರ್‌ಶಿಪ್ ಅಥವಾ ಫೀಸು ಮರುಪಾವತಿ ಪಡೆಯುವಂತಿಲ್ಲ. ಬೇರೆಯವಕ್ಕೂ ಇಂಥದೇ ಷರತ್ತು ಇರುವುದು ಸಾಮಾನ್ಯ. ಕಾಲೇಜಿನ ಫೀಸು ರಿಯಾಯಿತಿ ಇದರೊಳಗೆ ಬರುತ್ತದೆಯೇ ಎಂದು ಬರಹದಲ್ಲಿ ಕೇಳಿ. ಮುಚ್ಚಿಟ್ಟು ಎರಡೂ ಪಡೆದರೆ ವಾಪಸು ಕಟ್ಟಿಸಿಕೊಳ್ಳುತ್ತಾರೆ.

ಉಳಿದದ್ದಕ್ಕೆ ಸಾಲ ಮಾಡಬಹುದಾ?

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಜಾಮೀನು ಆಸ್ತಿ ಬೇಡ. ಓದು ಮುಗಿದು ಒಂದು ವರ್ಷದ ನಂತರ ಕಂತು ಶುರು, ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. 2024ರ ನವೆಂಬರಿನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಉನ್ನತ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ, 8 ಲಕ್ಷದವರೆಗೆ ಆದಾಯದ ಕುಟುಂಬಕ್ಕೆ 10 ಲಕ್ಷದ ಸಾಲದವರೆಗೆ 3 ಶೇಕಡಾ ಬಡ್ಡಿ ರಿಯಾಯಿತಿಯೂ ಇದೆ. ಸುರತ್ಕಲ್ಲಿನ ಎನ್‌ಐಟಿಯಂಥ ಕಡೆ ಸೀಟು ಸಿಕ್ಕವರು ಸಾಲಕ್ಕೆ ಹೆದರಬೇಕಿಲ್ಲ. ಸಾಧಾರಣ ಬಿಎ, ಬಿಕಾಂ ಪದವಿಗೆ ಸಾಲ ಮಾಡಿ ದೂರ ಹೋಗುವುದನ್ನು ನಾವು ಒಪ್ಪುವುದಿಲ್ಲ. ಅದೇ ಪದವಿ ಊರಿನಲ್ಲಿ ಸಾಲವಿಲ್ಲದೆ ಸಿಗುತ್ತದೆ.

## ಗಡಿ ದಾಟುವಾಗ

ನಾವು ಕನ್ನಡದವರು. ಮಂಗಳೂರಲ್ಲಿ ಓದಿದರೆ ಕರ್ನಾಟಕ ಸರ್ಕಾರದ ಸ್ಕಾಲರ್‌ಶಿಪ್, ಮೀಸಲಾತಿ ಸಿಗ್ತದಲ್ವಾ?

ಭಾಷೆಯಿಂದ ಸಿಗುವುದಿಲ್ಲ, ನಿವಾಸದಿಂದ ಸಿಗುತ್ತದೆ. ಕೇರಳದ ಖಾಯಂ ನಿವಾಸಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಯ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಕೊಡಬೇಕಾದ್ದು ಕೇರಳ. ಹೊರರಾಜ್ಯದಲ್ಲಿ ಓದುವವರಿಗೆ ಇರುವ ಷರತ್ತುಗಳನ್ನು ಸೇರುವ ಮೊದಲೇ ಜಿಲ್ಲಾ ಪರಿಶಿಷ್ಟ ಜಾತಿ ಅಭಿವೃದ್ಧಿ ಕಚೇರಿಯಲ್ಲಿ ಕೇಳಿ. ಮೀಸಲಾತಿಯೂ ಹಾಗೆಯೇ: ಜಾತಿ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಇಲ್ಲಿ ಹಿಂದುಳಿದ ವರ್ಗದಲ್ಲಿರುವ ಸಮುದಾಯಕ್ಕೆ ಅಲ್ಲಿ ಸಾಮಾನ್ಯ ವರ್ಗದ ಸೀಟೇ ಗತಿಯಾಗಬಹುದು. ಕೇಂದ್ರ ಸಂಸ್ಥೆಗಳಲ್ಲಿ ಕೇಂದ್ರದ ಪಟ್ಟಿ ನಡೆಯುತ್ತದೆ, ಅದಕ್ಕೆ ಕೇಂದ್ರದ ನಮೂನೆಯಲ್ಲೇ ಸರ್ಟಿಫಿಕೇಟ್ ಬೇಕು. ಹೊರರಾಜ್ಯಕ್ಕೆ ಒಯ್ಯುವ ಪತ್ರಗಳನ್ನು ಇಂಗ್ಲಿಷಿನಲ್ಲಿ ಮಾಡಿಸಿ. ಮಲಯಾಳದ ಆದಾಯ ಪತ್ರ ಹಿಡಿದು ತಲಪಾಡಿ ದಾಟಿದರೆ ಮತ್ತೆ ವಿಲೇಜ್ ಆಫೀಸಿಗೆ ಬರುವುದು ತಪ್ಪದು.

ಗಡಿನಾಡು ಕನ್ನಡಿಗ ಕೋಟಾ ಅಂತ ಉಂಟಲ್ಲ, ಅದು ಯಾರಿಗೆ?

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಕೋರ್ಸುಗಳಿಗೆ ಇರುವ ಅರ್ಹತಾ ನಿಯಮ ಅದು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸವಿದ್ದು, ಅಲ್ಲಿನ ಸಂಸ್ಥೆಯಿಂದಲೇ ಪ್ಲಸ್ ಟು ಪಾಸಾಗಿರಬೇಕು. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಿಗೂ ಇದೇ ನಿಯಮ. ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು, ಅದನ್ನು ತಪ್ಪಿಸಿಕೊಂಡರೆ ಸಿಇಟಿ ಅಂಕ ಎಷ್ಟಿದ್ದರೂ ಈ ದಾರಿ ಮುಚ್ಚುತ್ತದೆ. ಪ್ಲಸ್ ಟುವಿಗೆಂದು ಹೊರಜಿಲ್ಲೆಗೆ ಹೋದವರು ಇಲ್ಲಿ ಅರ್ಹತೆ ಕಳೆದುಕೊಳ್ಳುತ್ತಾರೆ. ಇದು ಸೀಟಿನ ಅರ್ಹತೆ, ಸ್ಕಾಲರ್‌ಶಿಪ್ ಅಲ್ಲ.

ಕೇರಳದಲ್ಲಿ ಡಿಗ್ರಿ ನಾಲ್ಕು ವರ್ಷ ಅಂತೆ, ಅಲ್ಲಿ ಮೂರು ವರ್ಷ ಅಂತೆ. ಒಂದು ವರ್ಷ ಹಾಳಾಗುದಿಲ್ವಾ?

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಇದೆ, ಆದರೆ ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು. ನಾಲ್ಕನೇ ವರ್ಷ ಆನರ್ಸಿಗೆ. ಕರ್ನಾಟಕ ಅದೇ 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಹಾಗಾಗಿ ವರ್ಷ ಹಾಳಾಗುವುದಿಲ್ಲ. ಆದರೆ ನಾಲ್ಕನೇ ವರ್ಷವನ್ನೂ ಓದುವ ಯೋಚನೆ ಇದ್ದರೆ ಸ್ಕಾಲರ್‌ಶಿಪ್ ಆ ವರ್ಷಕ್ಕೂ ಇದೆಯೇ ಎಂದು ನೋಡಿ.

ಹತ್ತನೆಯವರೆಗೆ ಕನ್ನಡ ಮೀಡಿಯಂ. ಮಲಯಾಳ ಓದ್ಲಿಕ್ಕೆ ಬರುದಿಲ್ಲ. ತಿರುವನಂತಪುರದಲ್ಲಿ ಸೀಟು ಸಿಕ್ಕಿದೆ, ಕಷ್ಟ ಆಗ್ತದಾ?

ಮೊದಲ ಎರಡು ಸೆಮಿಸ್ಟರ್ ಕಷ್ಟ, ಮುಚ್ಚಿಟ್ಟು ಪ್ರಯೋಜನವಿಲ್ಲ. ಪುಸ್ತಕ, ಪರೀಕ್ಷೆ ಇಂಗ್ಲಿಷಿನಲ್ಲಿ ಇರುತ್ತದೆ. ಅರ್ಥವಾಗದ ಭಾಗವನ್ನು ಅಧ್ಯಾಪಕರು ಬಿಡಿಸಿ ಹೇಳುವುದು ಮಾತ್ರ ಮಲಯಾಳದಲ್ಲಿ. ಅಂದರೆ ಎಲ್ಲಿ ಸಹಾಯ ಬೇಕೋ ಸರಿಯಾಗಿ ಅಲ್ಲೇ ಕನ್ನಡದ ಮಗುವಿಗೆ ಅದು ತಪ್ಪುತ್ತದೆ. ಹಾಸ್ಟೆಲಿನ ನೋಟೀಸು, ಬಸ್ಸಿನ ಬೋರ್ಡು ಕೂಡ ಹಾಗೆಯೇ. ಮಾತು ಕೇಳಿ ಅರ್ಥವಾಗುವವರು ಬೇಗ ಹೊಂದಿಕೊಳ್ಳುತ್ತಾರೆ, ಏಪ್ರಿಲ್‌ನಿಂದ ದಿನಕ್ಕೆ ಒಂದು ಗಂಟೆ ಲಿಪಿ ಕಲಿತರೆ ಕಾಲೇಜು ಶುರುವಾಗುವ ಹೊತ್ತಿಗೆ ಬೋರ್ಡು ಓದಬಹುದು. ಬಾಲ್ಯದಿಂದ ಕನ್ನಡ ಲಿಪಿ ಓದಿದವರಿಗೆ ಅಕ್ಷರಮಾಲೆಯ ಕ್ರಮ ಅದೇ ಆದ್ದರಿಂದ ಭಯ ಬೇಡ.

ಭಾಷಾ ವಿಷಯವಾಗಿ ಕನ್ನಡವೇ ಬೇಕು ಎನ್ನುವವರು ಸೇರುವ ಮೊದಲು ಆ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಿದ್ದಾರೆಯೇ ಎಂದು ಕೇಳಬೇಕು. ಕಾಸರಗೋಡು, ಮಂಜೇಶ್ವರದ ಸರ್ಕಾರಿ ಕಾಲೇಜುಗಳಲ್ಲಿ ಇದ್ದಾರೆ. ದಕ್ಷಿಣಕ್ಕೆ ಹೋದಂತೆ ಕನ್ನಡ ಸಿಗುವುದಿಲ್ಲ.

ಕರ್ನಾಟಕದ ಡಿಗ್ರಿ ತಗೊಂಡ್ರೆ ಮುಂದೆ ಕೇರಳ ಪಿಎಸ್‌ಸಿಗೆ ತೊಂದರೆ ಆಗ್ತದಾ?

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆಯ ಪದವಿ ಎಲ್ಲಿಯದಾದರೂ ಪದವಿಯೇ. ಆದರೆ ಹೊರರಾಜ್ಯದ ಪದವಿಗೆ ಕೇರಳದ ವಿಶ್ವವಿದ್ಯಾಲಯದ ಸಮಾನತೆ ಪತ್ರ ಕೇಳುವುದುಂಟು. ಸರ್ಟಿಫಿಕೇಟ್ ಪರಿಶೀಲನೆಗೆ ಕರೆದ ಮೇಲೆ ಓಡಾಡಿದರೆ ದಿನ ಸಾಲುವುದಿಲ್ಲ, ಪದವಿ ಕೈಗೆ ಬಂದ ಕೂಡಲೇ ಮಾಡಿಸಿ ಇಡಿ. ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೇಷ್ಟ್ರಾಗಬೇಕು ಎಂದಿರುವವರು ಬಿ.ಎಡ್. ಜೊತೆಗೆ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಪಾಸಾಗಬೇಕೆಂಬುದನ್ನೂ ನೆನಪಿಡಿ. ಅಂಥವರಿಗೆ ಊರಿನ ಕಾಲೇಜೇ ನೇರ ದಾರಿ.

ಇನ್ನೊಂದು ಸಂಗತಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ದಿನಾ ಹೋಗಿಬರುವವರು ಅತಂತ್ರರಾದರು. ಅಂಥದ್ದು ಮತ್ತೆ ಆದರೆ ಮಂಗಳೂರಿನಲ್ಲಿ ಉಳಿಯಲು ಒಂದು ಮನೆ, ಸಂಬಂಧಿಕರು ಇದ್ದಾರೆಯೇ ಎಂದು ಯೋಚಿಸಿಡಿ.

## ತೀರ್ಮಾನ ಮತ್ತು ಆಮೇಲೆ

ಊರಿನಲ್ಲಿ ಅಲಾಟ್‌ಮೆಂಟ್ ಬಂತು, ದೂರದ ಸ್ಕಾಲರ್‌ಶಿಪ್ ಉತ್ತರ ಇನ್ನೂ ಬರ್ಲಿಲ್ಲ. ಯಾವುದನ್ನು ಹಿಡಿದುಕೊಳ್ಳುದು?

ಬಂದದ್ದನ್ನು ಗಡುವಿನೊಳಗೆ ಹಣ ಕಟ್ಟಿ ಹಿಡಿದುಕೊಳ್ಳಿ. ಕಟ್ಟದಿದ್ದರೆ ಅದೂ ಹೋಗುತ್ತದೆ. ಸಿಕ್ಕ ಸೀಟೇ ಸಾಕು ಎಂದಾದರೆ ಅರ್ಜಿಯಲ್ಲಿ ಅದಕ್ಕಿಂತ ಮೇಲೆ ಕೊಟ್ಟ ಆಯ್ಕೆಗಳನ್ನು ರದ್ದು ಮಾಡಿ, ಇಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ತಾನಾಗಿ ಬೇರೆ ಕಾಲೇಜಿಗೆ ಸರಿದು ಮೊದಲಿನದು ಕೈತಪ್ಪಬಹುದು.

ಬಿಟ್ಟುಬರುವಾಗ ಫೀಸು ವಾಪಸು ಕೇಳುವ ಹಕ್ಕಿದೆ. ಯುಜಿಸಿಯ 2018ರ ನಿಯಮದಂತೆ, ಪ್ರವೇಶದ ಘೋಷಿತ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲು ಹೇಳಿದರೆ 100 ಶೇಕಡಾ, ಅದಕ್ಕಿಂತ ತಡವಾಗಿ ಆದರೆ ಕೊನೆಯ ದಿನದೊಳಗೆ ಹೇಳಿದರೆ 90, ಕೊನೆಯ ದಿನ ಕಳೆದು 15 ದಿನದೊಳಗೆ 80, 30 ದಿನದೊಳಗೆ 50. ಆಮೇಲೆ ಏನೂ ಇಲ್ಲ. ಪ್ರವೇಶದ ಸಮಯದಲ್ಲಿ ಯುಜಿಸಿ ಹೊರಡಿಸುವ ಆ ವರ್ಷದ ಸುತ್ತೋಲೆಯಲ್ಲಿ ಇದಕ್ಕಿಂತ ಸಡಿಲ ದಿನಾಂಕ ಇರಬಹುದು, ಅದನ್ನೂ ನೋಡಿ. ಅರ್ಜಿ ಬರಹದಲ್ಲಿ ಕೊಟ್ಟು ತಾರೀಕಿನ ಸೀಲ್ ಹಾಕಿಸಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡು ಸತಾಯಿಸಲು ಕಾಲೇಜಿಗೆ ಹಕ್ಕಿಲ್ಲ.

ಲೆಕ್ಕ ಹಾಕಿದೆವು, ಎರಡೂ ಸಮ ಸಮ ಬರ್ತದೆ. ಈಗ?

ಆಗ ಹಣ ಬಿಟ್ಟು ವಿಷಯ ನೋಡಿ. ನಿಮಗೆ ಬೇಕಾದ ವಿಷಯ ಊರಿನಲ್ಲಿ ಇಲ್ಲದಿದ್ದರೆ ದೂರ ಹೋಗಿ. ಇರುವುದಾದರೆ ಆ ವಿಭಾಗದಲ್ಲಿ ಖಾಯಂ ಅಧ್ಯಾಪಕರು ಎಷ್ಟು, ಅತಿಥಿ ಅಧ್ಯಾಪಕರು ಎಷ್ಟು ಎಂದು ಎರಡೂ ಕಡೆ ಕೇಳಿ. ಎರಡನೇ ವರ್ಷದಲ್ಲಿ ಓದುತ್ತಿರುವ ಇಬ್ಬರ ಜೊತೆ ಮಾತಾಡಿ, "ಕಳೆದ ವರ್ಷದ ಸ್ಕಾಲರ್‌ಶಿಪ್ ಎಷ್ಟು ತಿಂಗಳಿಗೆ ಬಂತು" ಎಂದು ನೇರ ಕೇಳಿ. ಕಾಲೇಜಿನ ಕರಪತ್ರ ಹೇಳದ್ದನ್ನು ಅವರು ಎರಡು ನಿಮಿಷದಲ್ಲಿ ಹೇಳುತ್ತಾರೆ. ಪದವಿ ಊರಿನಲ್ಲಿ ಮುಗಿಸಿ ಸ್ನಾತಕೋತ್ತರಕ್ಕೆ ದೂರ ಹೋಗುವುದೂ ಒಳ್ಳೆಯ ದಾರಿ. ಆ ಹೊತ್ತಿಗೆ ವಯಸ್ಸೂ ಒಂದಿಷ್ಟು ಬಲಿತಿರುತ್ತದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ ಎಂಬುದನ್ನೂ ಮರೆಯಬೇಡಿ.

ಮೊದಲ ಸೆಮಿಸ್ಟರಿನಲ್ಲಿ ಮಾರ್ಕು ಕಡಿಮೆ ಬಂತು. ಸ್ಕಾಲರ್‌ಶಿಪ್ ನಿಲ್ತದಾ?

ಷರತ್ತು ಸೆಮಿಸ್ಟರಿಗೋ ವರ್ಷಕ್ಕೋ ಎಂದು ನೋಡಿ. ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ನವೀಕರಣಕ್ಕೆ ವಾರ್ಷಿಕ ಪರೀಕ್ಷೆಯಲ್ಲಿ 50 ಶೇಕಡಾ ಅಂಕ, 75 ಶೇಕಡಾ ಹಾಜರಿ ಬೇಕು. ಕಾಲೇಜುಗಳ ಸ್ವಂತ ಸ್ಕಾಲರ್‌ಶಿಪ್ಪಿನ ಷರತ್ತು ಇದಕ್ಕಿಂತ ಬಿಗಿ ಇರುವುದುಂಟು. ಕಾಯಿಲೆಯಿಂದ ಹಾಜರಿ ಕಡಿಮೆಯಾಗಿದ್ದರೆ ವೈದ್ಯರ ಪತ್ರವನ್ನು ಆಗಲೇ ಕೊಡಿ, ಪರೀಕ್ಷೆ ಹತ್ತಿರ ಬಂದ ಮೇಲೆ ಕೊಟ್ಟರೆ ಒಪ್ಪುವುದಿಲ್ಲ. ಇನ್ನು ನವೀಕರಣ ತಾನಾಗಿ ಆಗುವುದಿಲ್ಲ, ಪ್ರತಿ ವರ್ಷ ಅರ್ಜಿ ಹಾಕಲೇಬೇಕು. ಅಂಕ ಇದ್ದೂ ಇದೊಂದನ್ನು ಮರೆತು ಹಣ ಕಳೆದುಕೊಂಡವರೇ ಹೆಚ್ಚು.

ಹೋಗಿ ಒಂದು ಸೆಮಿಸ್ಟರ್ ಆಯ್ತು. ಮಗನಿಗೆ ಅಲ್ಲಿ ಆಗುದೇ ಇಲ್ಲ ಅಂತಾನೆ. ವಾಪಸು ಕರ್ಕೊಂಡು ಬರಬಹುದಾ?

ಮೊದಲು ಯಾವುದು ಆಗುವುದಿಲ್ಲ ಎಂದು ಕೇಳಿ. ಊಟ, ಕೋಣೆ, ಮನೆಯ ನೆನಪು ಆದರೆ ರಜೆಗೆ ಒಮ್ಮೆ ಊರಿಗೆ ಬಂದು ಹೋದ ಮೇಲೆ ಬಹಳಷ್ಟು ತಿಳಿಯಾಗುತ್ತದೆ. ಪಾಠವೇ ತಲೆಗೆ ಹೋಗುವುದಿಲ್ಲ ಎಂದರೆ, ಅಥವಾ ಕಿರುಕುಳವಾದರೆ ತಡಮಾಡಬೇಡಿ.

ಒಂದೇ ವಿಶ್ವವಿದ್ಯಾಲಯದೊಳಗೆ ಕಾಲೇಜು ಬದಲಾಯಿಸುವುದು ಸುಲಭ, ಅಲ್ಲಿ ಸೀಟು ಖಾಲಿ ಇರಬೇಕು ಅಷ್ಟೆ. ಬೇರೆ ವಿಶ್ವವಿದ್ಯಾಲಯಕ್ಕೆ ಬರುವಾಗ ಓದಿದ ವಿಷಯಗಳ ಪಠ್ಯಕ್ರಮ ಹೊಂದಬೇಕು, ಹೊಂದದಿದ್ದರೆ ಮೊದಲ ವರ್ಷಕ್ಕೇ ಮತ್ತೆ ಸೇರಬೇಕಾಗುತ್ತದೆ. ಹೊರಡುವ ಮೊದಲು ನಾಲ್ಕು ಪತ್ರ ಕೈಯಲ್ಲಿರಲಿ: ಟಿಸಿ, ಮೈಗ್ರೇಶನ್ ಸರ್ಟಿಫಿಕೇಟ್, ಸೆಮಿಸ್ಟರ್ ಅಂಕಪಟ್ಟಿ, ಕಾಲೇಜಿನ ಸೀಲ್ ಇರುವ ಪಠ್ಯಕ್ರಮದ ಪ್ರತಿ. ಕೊನೆಯದನ್ನು ಎಲ್ಲರೂ ಬಿಟ್ಟು ಬರುತ್ತಾರೆ, ಆಮೇಲೆ ಅದೊಂದಕ್ಕಾಗಿ ರಾತ್ರಿ ರೈಲು ಹತ್ತುತ್ತಾರೆ. ಪಡೆದ ಸ್ಕಾಲರ್‌ಶಿಪ್ ಹಿಂದಿರುಗಿಸಬೇಕೇ ಎಂದು ಟಿಸಿಗೆ ಅರ್ಜಿ ಕೊಡುವ ಮೊದಲೇ ಆಫೀಸಿನಲ್ಲಿ ಕೇಳಿ. ಹಾಸ್ಟೆಲ್ ಠೇವಣಿಯ ರಸೀದಿಯನ್ನೂ ಮರೆಯದೆ ತನ್ನಿ.